ಎರಡನೇ ಚಮಚ

೪ ಜೂನ್ ೧೯೮೪, ಸೋಮವಾರ. ರಾಯಚೂರು

ಡಾಕ್ಟರು ಇವತ್ತು ಎರಡು ನೋಟ್‌ಬುಕ್ ತರಿಸಿದರು. ಒಂದರಲ್ಲಿ ತಾವೇ ಸ್ಕೇಲ್ ಹಿಡಿದು ಗೆರೆ ಎಳೆದುಕೊಟ್ಟರು: ತಾರೀಖು, ಗಂಡೋ ಹೆಣ್ಣೋ, ವಯಸ್ಸು, ತೂಕ, ಔಷಧ ಎಷ್ಟು, ನಿಮಿಷಕ್ಕೆ ಉಸಿರು ಎಷ್ಟು, ಕೊನೆಗೆ ‘ವಿಶೇಷ’. ಇನ್ನೊಂದು ಹೆಚ್ಚಾಗಿ ಬಂದದ್ದು, ಅದನ್ನು ನಾನು ಕೇಳಿ ಪಡೆದೆ. ‘ವಿಶೇಷ’ದ ಮನೆ ಎರಡು ಬೆರಳಗಲವಿದೆ. ಅದರಲ್ಲಿ ಹಿಡಿಯದ್ದನ್ನು ಇಲ್ಲಿ ಬರೆದುಕೊಳ್ಳುತ್ತೇನೆ. ಓದುವವರು ಯಾರೂ ಇಲ್ಲವಾದ್ದರಿಂದ ಅಕ್ಷರ ಹೇಗಿದ್ದರೂ ನಡೆಯುತ್ತದೆ.

ದವಾಖಾನೆ ಇರುವುದು ತೀನ್ ಕಂದೀಲ್ ಚೌಕದ ಹತ್ತಿರ, ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ಹನುಮಂತ್ರಾಯರು ಹಲ್ಲಿನ ಡಾಕ್ಟರು, ನಾನು ನರ್ಸು. ಆರು ವರ್ಷವಾಯಿತು. ಇಷ್ಟು ದಿನ ಮಕ್ಕಳ ಹಲ್ಲು ಕೀಳುವುದೆಂದರೆ ಚಾದರದ ಕೆಲಸ. ಮಗುವನ್ನು ಕೈಕಾಲು ಸಮೇತ ಚಾದರದಲ್ಲಿ ಬಿಗಿಯಾಗಿ ಸುತ್ತುವುದು, ಅಪ್ಪ ಕಾಲು ಹಿಡಿಯುವುದು, ನಾನು ತಲೆ ಹಿಡಿಯುವುದು. ಸುತ್ತುವುದರಲ್ಲಿ ನನ್ನ ಕೈ ಪಳಗಿದೆ. ಡಾಕ್ಟರ ಬೆರಳುಗಳ ಮೇಲೆ ಮಕ್ಕಳು ಕಚ್ಚಿದ ಗುರುತು ನಾಲ್ಕಿವೆ, ನನ್ನ ಕೈಯಲ್ಲಿ ಒಂದೂ ಇಲ್ಲ.

ಈಗ ಅವರು ಹೈದರಾಬಾದಿನಲ್ಲಿ ಹದಿನೈದು ದಿನ ಇದ್ದು ಹೊಸದು ಕಲಿತು ಬಂದಿದ್ದಾರೆ. ಇನ್ನು ಮೇಲೆ ಮಕ್ಕಳಿಗೆ ಸಿರಪ್ಪು ಕುಡಿಸಿ, ನಿದ್ದೆ ಹತ್ತಿಸಿ ಹಲ್ಲು ಕೀಳುವುದು. ಔಷಧದ ಹೆಸರು ಕ್ಲೋರಲ್. ತೂಕ ನೋಡಿ ಅಳತೆಯ ಚಮಚದಲ್ಲಿ ಕುಡಿಸುವುದು, ಗದ್ದ ಎತ್ತಿ ಹಿಡಿದು ಉಸಿರು ಎಣಿಸುವುದು, ಎಚ್ಚರವಾಗುವವರೆಗೆ ಪಕ್ಕದಲ್ಲಿ ಕೂಡುವುದು ನನ್ನ ಪಾಲಿಗೆ. ಆಕ್ಸಿಜನ್ನಿನ ಸಣ್ಣ ಸಿಲಿಂಡರ್ ಒಂದು ಬಂದಿದೆ. ಡಾಕ್ಟರು ಅದನ್ನು ಹೊಸ ಸೈಕಲ್ಲಿನ ಹಾಗೆ ಎರಡು ಸಲ ಒರೆಸಿದರು.

ಬಾಟಲಿಯ ಬಿರಡೆ ತೆಗೆದಾಗ ಮೂಗು ಮುಚ್ಚಿಕೊಂಡು, ಕಿತ್ತಳೆ ಶರಬತ್ತು ಬೆರೆಸದೆ ಯಾವ ಮಗುವೂ ಇದನ್ನು ಕುಡಿಯುವುದಿಲ್ಲ ಎಂದರು. ನನಗೆ ಆ ವಾಸನೆ ಹೊಸದಲ್ಲ. ನಮ್ಮೂರು ಹಿರೇಕೊಟ್ನೆಕಲ್ಲಿನ ಸೇಂದಿ ಅಂಗಡಿಯ ಮುಂದೆ ಇದೇ ವಾಸನೆ. ಈಚಲ ಸೇಂದಿ ಸಾಲದಾದಾಗ ನೀರಿಗೆ ಒಂದು ಬಿಳಿ ಪುಡಿ ಕಲಸಿ ಮಾರುತ್ತಾರೆ, ಆ ಪುಡಿಯ ವಾಸನೆ ಇದು. ಇಲ್ಲಿ ಕೇಳಿದವರಿಗೆ ನಾನು ಮಾನ್ವಿಯವಳು ಎಂದಷ್ಟೇ ಹೇಳುತ್ತೇನೆ. ಊರಿನ ಮಾತು ದವಾಖಾನೆಯಲ್ಲಿ ಎತ್ತುವುದಿಲ್ಲ.

೧೨ ಜೂನ್, ಮಂಗಳವಾರ

ಐದು ಮಕ್ಕಳಾದವು. ನಾಲ್ಕು ಚೆನ್ನಾಗಿ ಮಲಗಿದವು. ಒಂದು ವಾಂತಿ ಮಾಡಿತು.

ನಿಯಮವೆಂದರೆ ಬೆಳಗಿನಿಂದ ಹೊಟ್ಟೆ ಖಾಲಿ ಇರಬೇಕು. ಕುಡಿಸುವ ಮುಂಚೆ ನಾನು ಪ್ರತಿಯೊಬ್ಬ ತಾಯಿಯನ್ನೂ ಕೇಳಬೇಕು: ಏನಾದರೂ ತಿನ್ನಿಸಿದ್ದೀರಾ, ಹಾಲು ಕುಡಿಸಿದ್ದೀರಾ, ನೀರು ಕುಡಿಸಿದ್ದೀರಾ. ಶಾಲೆಯ ಪುಸ್ತಕದ ಕನ್ನಡದಲ್ಲಿ ಕೇಳುತ್ತೇನೆ. ಚಂದ್ರಬಂಡದಿಂದ ಬಂದ ಹೆಣ್ಣುಮಗಳು ಏನೂ ಇಲ್ಲ ಎಂದಳು. ಅರ್ಧ ತಾಸಿಗೆ ಮಗು ಜೋಳದ ರೊಟ್ಟಿಯನ್ನೂ ಪುಂಡಿಪಲ್ಯವನ್ನೂ ನನ್ನ ಸೀರೆಯ ಮೇಲೆ ತಂದು ಹಾಕಿತು. ಡಾಕ್ಟರು ಆಕೆಯನ್ನು ಬೆಂಚಿನಲ್ಲಿ ಕೂತವರೆಲ್ಲರ ಎದುರಿಗೇ ತರಾಟೆಗೆ ತೆಗೆದುಕೊಂಡರು. ಮಗು ಸತ್ತರೆ ಯಾರು ಹೊಣೆ ಎಂದು ಕೇಳಿದರು. ಆಕೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು.

ಅದಾದ ಮೇಲೆ ಏನು ಕೇಳಿದರೂ ಎಲ್ಲರದ್ದೂ ಒಂದೇ ಉತ್ತರ, ಏನೂ ಇಲ್ರೀ. ಈ ಜನ ಹೀಗೆಯೇ. ಬೈದರೆ ನಿಜ ಹೇಳುವುದನ್ನು ಬಿಟ್ಟುಬಿಡುತ್ತಾರೆ.

೨೧ ಜೂನ್, ಗುರುವಾರ

ಗಂಡು, ಏಳು ವರ್ಷ, ಹದಿನೇಳು ಕಿಲೋ. ಪೋತ್ನಾಳದವನು. ಡಾಕ್ಟರು ವಾರಕ್ಕೊಮ್ಮೆ ಮಾನ್ವಿಯ ಬಾಡಿಗೆ ಕೋಣೆಯಲ್ಲಿ ಹಲ್ಲು ನೋಡುತ್ತಾರೆ, ಮಲಗಿಸಬೇಕಾದ ಮಕ್ಕಳನ್ನು ಇಲ್ಲಿಗೆ ಕರೆಸುತ್ತಾರೆ. ಹಾಗೆ ಬಂದವನು. ತೂಕಕ್ಕೆ ಸರಿಯಾಗಿ ಕುಡಿಸಿದೆ. ಮಲಗಲಿಲ್ಲ. ಮುಕ್ಕಾಲು ತಾಸಾದರೂ ಕುರ್ಚಿಯ ಹಿಡಿಯನ್ನು ತಿರುಗಿಸುತ್ತ, ಇದು ಯಾತರದು, ಅದು ಯಾತರದು ಎಂದು ಕೇಳುತ್ತಲೇ ಇದ್ದ. ಕೊನೆಗೆ ಚಾದರವೇ ಗತಿಯಾಯಿತು.

ಡಾಕ್ಟರಿಗೆ ಸೋಜಿಗ. ಹೈದರಾಬಾದಿನ ತಮ್ಮ ಗುರುಗಳಿಗೆ ಕಾಗದ ಬರೆಯುತ್ತಾರಂತೆ. ನನಗೆ ಸೋಜಿಗವಾಗಲಿಲ್ಲ. ಅವರವ್ವ ಕೂಲಿಗೆ ಹೋಗುವಾಗ ಕೆಲಸ ಮಾಡಗೊಡದ ಮಗುವನ್ನು ಎಲ್ಲಿ ಬಿಡಬೇಕು? ಒಂದಿಷ್ಟು ಸೇಂದಿ ಕುಡಿಸಿ ಗಿಡದ ನೆರಳಲ್ಲಿ ಮಲಗಿಸುತ್ತಾಳೆ. ದಿನಾ ಆ ಪುಡಿಯ ನೀರು ಕುಡಿದವನಿಗೆ ನಮ್ಮ ಒಂದು ಚಮಚ ಯಾತಕ್ಕೂ ಸಾಲದು. ‘ವಿಶೇಷ’ದಲ್ಲಿ ‘ನಿದ್ದೆ ಬರಲಿಲ್ಲ’ ಎಂದು ಬರೆದೆ. ಕಾರಣ ಬರೆಯಲು ಅಲ್ಲಿ ಮನೆಯಿಲ್ಲ.

೩ ಜುಲೈ, ಮಂಗಳವಾರ

ಗುರುಗಳ ಉತ್ತರ ಬಂದಿದೆ. ಕೆಲವು ಮಕ್ಕಳಿಗೆ ಹೆಚ್ಚು ಬೇಕಾಗುತ್ತದೆ, ಜಾಗ್ರತೆಯಿಂದ ಕೊಡಬಹುದು ಎಂದಿದ್ದಾರೆ. ಡಾಕ್ಟರು ಅದರಿಂದ ಒಂದು ಪದ್ಧತಿ ಮಾಡಿಕೊಂಡರು. ಇಪ್ಪತ್ತು ನಿಮಿಷಕ್ಕೆ ಮಲಗದಿದ್ದರೆ ಎರಡನೇ ಚಮಚ. ನಿನ್ನೆ ಇಬ್ಬರಿಗೆ ಕೊಟ್ಟೆವು, ಇಬ್ಬರೂ ಮಲಗಿದರು. ಹಳ್ಳಿ ಮಕ್ಕಳ ಮೈ ಗಟ್ಟಿ, ಅವರಿಗೆ ಎರಡು ಬೇಕು ಎಂದು ಡಾಕ್ಟರು ಖುಷಿಯಲ್ಲಿದ್ದಾರೆ. ಪೇಟೆಯಲ್ಲಿ ಅವರಿಗೆ ನಿದ್ದೆ ಡಾಕ್ಟರು ಎಂದು ಹೆಸರು ಬಿದ್ದಿದೆ. ಅದು ಬೈಗುಳವಲ್ಲ ಎಂದು ಅವರಿಗೆ ನಾನೇ ಹೇಳಬೇಕಾಯಿತು.

೧೫ ಜುಲೈ, ಭಾನುವಾರ. ಹಿರೇಕೊಟ್ನೆಕಲ್

ಅವ್ವನನ್ನು ನೋಡಲು ಬಂದೆ. ಅವ್ವನ ಹೆಸರು ಯಂಕಮ್ಮ. ಸೊಂಟ ಬಾಗಿದೆ, ಬಾಯಿ ಬಾಗಿಲ್ಲ. ನಾಟಿಯ ಕಾಲ, ಓಣಿಯಲ್ಲಿ ಮುದುಕಿಯರನ್ನು ಬಿಟ್ಟರೆ ಯಾರೂ ಇಲ್ಲ. ಈಗ ಏನು ಕೆಲಸ ಮಾಡುತ್ತಿ ಎಂದು ಕೇಳಿದಳು. ಹಲ್ಲು ಕೀಳುವಾಗ ಮಕ್ಕಳನ್ನು ಮಲಗಿಸುತ್ತೇನೆ ಎಂದೆ.

“ಅದಕ್ಕ ಪಗಾರ ಕೊಡ್ತಾರೇನ?” ಎಂದು ನಕ್ಕಳು. “ನಾ ನಿನ್ನ ಐದ ವರ್ಷ ಪುಕ್ಕಟೆ ಮಲಗಿಸೀನಿ, ಬದುವಿನ ಮ್ಯಾಲ.”

ಆಗಿನದು ಮರದ ಸೇಂದಿ, ಈಗಿನದು ಬರೀ ಪುಡಿ, ಒಂದು ದಿನ ತಪ್ಪಿದರೆ ದೊಡ್ಡವರ ಕೈಯೇ ನಡುಗುತ್ತದೆ ಎಂದೂ ಹೇಳಿದಳು. ನಾನು ಚಹಾ ಕುಡಿದು ಮೂರರ ಬಸ್ಸಿಗೆ ಎದ್ದೆ.

೨೪ ಜುಲೈ, ಮಂಗಳವಾರ

ಹೆಣ್ಣು, ಆರು ವರ್ಷ, ಹದಿಮೂರು ಕಿಲೋ. ದೇವದುರ್ಗದವಳು. ಎಡ ದವಡೆಯಲ್ಲಿ ಎರಡು ಹಲ್ಲು ಕೊಳೆತು ಕೆನ್ನೆ ಬಾತಿದೆ, ಕಣ್ಣು ಅರ್ಧ ಮುಚ್ಚಿದೆ. ಡಾಕ್ಟರು ಮೂರು ದಿನಕ್ಕೆ ಗುಳಿಗೆ ಕೊಟ್ಟು ಶುಕ್ರವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದರು. ತಾಯಿ ತಿಮ್ಮವ್ವ ಇಪ್ಪತ್ತೈದರೊಳಗಿನವಳು, ಕೂಲಿ ಮಾಡುವವಳು. ಹೇಳಿದ್ದನ್ನೆಲ್ಲ ಎರಡೆರಡು ಸಲ ಒಪ್ಪಿಸಿದಳು, ಪಾಠ ಒಪ್ಪಿಸಿದ ಹಾಗೆ.

ಹೋಗುವಾಗ ಹುಡುಗಿ ನನ್ನ ಹೆಸರು ಕೇಳಿತು. ಶೇಖಮ್ಮ ಎಂದೆ. ತನ್ನ ಹೆಸರು ಆದೆಮ್ಮ ಎಂದಿತು. ನೋಟ್‌ಬುಕ್ಕಿನಲ್ಲಿ ಹೆಸರಿಗೆ ಮನೆಯಿಲ್ಲ.

೨೭ ಜುಲೈ, ಶುಕ್ರವಾರ

ಬದುಕಿದ್ದಾಳೆ. ನಾಳೆ ಬರೆಯುತ್ತೇನೆ.

೨೮ ಜುಲೈ, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ತಿಮ್ಮವ್ವ ಮೊದಲ ಬಸ್ಸಿಗೆ ಬಂದಳು. ಎರಡು ತಾಸಿನ ದಾರಿ. ಮಗು ಹೆಗಲ ಮೇಲೆ ಜೋತುಬಿದ್ದಿತ್ತು. ಬೆಂಚಿನ ಮೇಲೆ ವಕೀಲರ ಹೆಂಡತಿ, ಶಾಲೆಯ ಮುಖ್ಯ ಟೀಚರು, ಇನ್ನೂ ಮೂವರಿದ್ದರು. ನಾನು ಎಂದಿನ ಹಾಗೆ ಕೇಳಿದೆ. ತಿನ್ನಿಸಿಲ್ಲ, ಹಾಲಿಲ್ಲ, ನೀರೂ ಇಲ್ಲ ಎಂದಳು. ತೂಕ ನೋಡಲು ಮಗುವನ್ನು ಎತ್ತಿಕೊಂಡಾಗ ಅದರ ಬಾಯಿಂದ ವಾಸನೆ ಬಂತು. ಬಾಟಲಿಯ ಬಿರಡೆ ಇನ್ನೂ ತೆಗೆದಿರಲಿಲ್ಲ.

ಒಂದು ಮಾತು ಕೇಳಬೇಕಿತ್ತು. ಸೇಂದಿ ಕುಡಿಸಿದ್ದೀಯಾ ಅಂತ. ಕೇಳಿದರೆ ಡಾಕ್ಟರು ಆಕೆಯನ್ನು ಎಲ್ಲರೆದುರು ಬೈಯುತ್ತಿದ್ದರು, ಆಮೇಲೆ ನನ್ನ ಕಡೆ ತಿರುಗಿ, ಅದರ ವಾಸನೆ ನಿನಗೆ ಹೇಗೆ ಗೊತ್ತು ಎನ್ನುತ್ತಿದ್ದರು. ವಕೀಲರ ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು. ಇಷ್ಟೇ ಕಾರಣ. ನಾನು ಕೇಳಲಿಲ್ಲ.

ಮೊದಲ ಚಮಚ ಕುಡಿಸಿದೆ. ಇಪ್ಪತ್ತು ನಿಮಿಷಕ್ಕೆ ಮಂಪರು ಇತ್ತು. ಆದರೆ ಡಾಕ್ಟರು ಕನ್ನಡಿ ಬಾಯಿಗೆ ಇಟ್ಟರೆ ನೋವಿಗೆ ಹಲ್ಲು ಕಚ್ಚಿ ಮುಖ ತಿರುಗಿಸುತ್ತಿತ್ತು. ಹಳ್ಳಿ ಮಗು, ಎರಡನೆಯದು ಕೊಡು ಎಂದರು. ಕೊಟ್ಟೆ.

ಹಲ್ಲೆರಡೂ ಸಲೀಸಾಗಿ ಬಂದವು. ಉಸಿರು ಹದಿನೆಂಟು ಇತ್ತು. ಆಮೇಲೆ ಹದಿನಾಲ್ಕು. ಹತ್ತಾದಾಗ ಡಾಕ್ಟರಿಗೆ ಹೇಳಿದೆ. ಎಂಟಾದಾಗ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾನು ಗದ್ದ ಎತ್ತಿ ಹಿಡಿದೆ, ಅವರು ನಾಲಿಗೆ ಮುಂದಕ್ಕೆಳೆದು ಆಕ್ಸಿಜನ್ ಹಚ್ಚಿದರು. ಏನು ಕೊಟ್ಟಿದ್ದಿ ಹೇಳು ಎಂದು ತಿಮ್ಮವ್ವನನ್ನು ನಾಲ್ಕು ಸಲ ಕೇಳಿದರು. ಆಕೆ ಗೋಡೆಗೆ ಅಂಟಿ ನಿಂತು ಏನಿಲ್ರೀ ಯಪ್ಪಾ, ಏನಿಲ್ರೀ ಎನ್ನುತ್ತಿದ್ದಳು.

ಆಗ ನಾನು ಗದ್ದದ ಮೇಲಿನ ಕೈ ಬಿಡದೆ ಕೇಳಿದೆ. “ಯವ್ವಾ, ನಮ್ಮವ್ವನೂ ನನಗ ಕುಡಿಸ್ಯಾಳ. ಹೆದರಬ್ಯಾಡ. ಎಷ್ಟ ಕುಡಿಸಿದಿ?”

“ಎರಡ ಗಿಲಾಸ,” ಎಂದಳು. “ದಿನಾ ಅರ್ಧ ಕುಡಿತಾಳ. ಬಸ್ಸಿನ್ಯಾಗ ನೋವಿಗಿ ಚೀರತಾಳ ಅಂತ ಎರಡ ಕುಡಿಸಿದೆ.”

ಸೇಂದಿಯಲ್ಲಿ ನಮ್ಮ ಬಾಟಲಿಯದೇ ಪುಡಿ ಇರುತ್ತದೆ ಎಂದು ಡಾಕ್ಟರಿಗೆ ಹೇಳಿದೆ. ಅವರು ನನ್ನ ಮುಖ ನೋಡಿದರು. ಯಾವಾಗ ಗೊತ್ತಾಯಿತು ಎಂದರು. ಈಗ ಎಂದೆ.

ದೊಡ್ಡ ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತು ಗದ್ದ ಬಿಡುವ ಹಾಗಿರಲಿಲ್ಲ. ಡಾಕ್ಟರು ಫೋನು ಮಾಡಿ ಪರಿಚಯದ ಇನ್ನೊಬ್ಬ ಡಾಕ್ಟರನ್ನು ಮಾಳಿಗೆಗೇ ಕರೆಸಿದರು. ಅವರೂ ಇದನ್ನೇ ಮಾಡಬೇಕು, ಬೇರೆ ಮದ್ದಿಲ್ಲ ಎಂದರು. ನಾನು ಹನ್ನೊಂದರಿಂದ ನಾಲ್ಕರವರೆಗೆ ಗದ್ದ ಹಿಡಿದು ಕೂತೆ. ನಮ್ಮ ಡಾಕ್ಟರು ಪಕ್ಕದಿಂದ ಏಳಲಿಲ್ಲ, ಊಟ ಮಾಡಲಿಲ್ಲ. ಉಸಿರು ಎಂಟರಲ್ಲೇ ಎರಡು ತಾಸು ನಿಂತಿತ್ತು. ಒಂದು ಉಸಿರಿಗೂ ಮುಂದಿನದಕ್ಕೂ ನಡುವೆ ನನಗೆ ಬಹಳ ಹೆದರಿಕೆಯಾಗುತ್ತಿತ್ತು. ಆ ಹೆದರಿಕೆ ಆದೆಮ್ಮನಿಗಾಗಿಯೋ ನನಗಾಗಿಯೋ ತಿಳಿಯಲಿಲ್ಲ. ಮೂರಕ್ಕೆ ಹನ್ನೆರಡಾಯಿತು. ನಾಲ್ಕಕ್ಕೆ ಲಂಗದಲ್ಲೇ ಉಚ್ಚೆ ಹೊಯ್ದುಕೊಂಡು ಕಣ್ಣು ಬಿಟ್ಟು ಅವ್ವನನ್ನು ಕರೆಯಿತು.

ತಿಮ್ಮವ್ವ ನನ್ನ ಕಾಲು ಮುಟ್ಟಿದಳು. ನೀ ಉಳಿಸಿದಿ ಎಂದಳು. ನಾನು ಕಾಲು ಹಿಂದಕ್ಕೆಳೆದುಕೊಂಡೆ.

ಇವತ್ತು ಡಾಕ್ಟರು ಒಂದು ಕಾಗದ ಬರೆದರು. ತಾಯಿ ಮಾದಕ ಪದಾರ್ಥ ಕುಡಿಸಿ ಅದನ್ನು ಮುಚ್ಚಿಟ್ಟಿದ್ದರಿಂದ ಮಗುವಿನ ಜೀವಕ್ಕೆ ಅಪಾಯವಾಯಿತು ಅಂತ. ಕೆಳಗೆ ಸಾಕ್ಷಿ ಎಂದು ನನ್ನ ರುಜು ಕೇಳಿದರು. ಹಾಕಿದೆ.

೯ ಆಗಸ್ಟ್, ಗುರುವಾರ

ತಿಮ್ಮವ್ವನ ಗಂಡ ಬೂದೆಪ್ಪ ಬಂದಿದ್ದ. ಚಪ್ಪಲಿ ಮೆಟ್ಟಿಲ ಕೆಳಗೇ ಬಿಟ್ಟು ಬಂದು ಬಾಗಿಲಲ್ಲಿ ನಿಂತ. ಊರಿನಲ್ಲಿ ಜನ ಒಂದೊಂದು ಆಡುತ್ತಾರೆ, ಕೂಸಿಗೆ ಏನಾಗಿತ್ತು ಎಂದು ಕೇಳಿದ. ಡಾಕ್ಟರು ಒಬ್ಬರ ಬಾಯಲ್ಲಿ ಕೆಲಸ ಮಾಡುತ್ತಿದ್ದರು. ತಲೆಯೆತ್ತದೆ, ನಿನ್ನ ಹೆಂಡತಿ ಅದಕ್ಕೆ ವಿಷ ಕುಡಿಸಿ ತಂದಿದ್ದಳು, ಇನ್ನು ಮೇಲೆ ಹುಷಾರಾಗಿರು ಎಂದರು. ಅವರಿಗೆ ಅದು ಬುದ್ಧಿಮಾತು.

ಬೂದೆಪ್ಪ ನನ್ನ ಕಡೆ ತಿರುಗಿದ. “ಯಕ್ಕಾ, ನೀವರೆ ಹೇಳ್ರಿ. ಖರೇ ಏನು?”

ನಾನು ಹತ್ತಿಯ ಉಂಡೆ ಕಟ್ಟುತ್ತಿದ್ದೆ. ಹೌದು ಎಂದೆ.

೧೦ ಆಗಸ್ಟ್

ಮೂರು ಮಕ್ಕಳು. ಎಲ್ಲ ಸರಿ.

೧೭ ಆಗಸ್ಟ್

ಇಬ್ಬರು. ಈಗ ಪ್ರತಿ ತಾಯಿಯನ್ನೂ ಒಳಗಿನ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ನೆಲದ ಮೇಲೆ ಕೂತು ಕೇಳುತ್ತೇನೆ. ಸೇಂದಿ ಎಂದೇ ಕೇಳುತ್ತೇನೆ. ಇಬ್ಬರಲ್ಲಿ ಒಬ್ಬಾಕೆ ಹೌದೆಂದಳು, ಮತ್ತೊಂದು ದಿನ ಬಾ ಎಂದು ಕಳಿಸಿದೆ. ಇಷ್ಟು ಸುಲಭದ ಕೆಲಸವಿದು.

೨೨ ಆಗಸ್ಟ್, ಬುಧವಾರ

ದೇವದುರ್ಗದ ದುರುಗಮ್ಮ ಎಂಬಾಕೆ ತನ್ನ ಹಲ್ಲು ನೋವಿಗೆ ಬಂದಿದ್ದಳು. ತಿಮ್ಮವ್ವನ ಮನೆಯ ಎದುರಿನವಳು. ನಾನು ಕೇಳದೆಯೇ ಹೇಳಿದಳು. ಆದೆಮ್ಮನನ್ನು ಅಜ್ಜಿ ತನ್ನ ಹತ್ತಿರ ಇಟ್ಟುಕೊಂಡಿದ್ದಾಳೆ. ತಿಮ್ಮವ್ವನಿಗೆ ಮುಟ್ಟಗೊಡುವುದಿಲ್ಲ, ಆಕೆ ಅಡುಗೆ ಮಾಡಿದರೆ ಮಗುವಿಗೆ ಉಣ್ಣಿಸುವುದಿಲ್ಲ. ಆಕೆ ಹೊರಗಿನ ಕಟ್ಟೆಯ ಮೇಲೆ ಮಲಗುತ್ತಾಳೆ. ಈ ಅಮಾವಾಸ್ಯೆ ಆದ ಮೇಲೆ ಆಕೆಯನ್ನು ತವರಿಗೆ ಬಿಟ್ಟು ಬರುವುದೆಂದು ಮಾತಾಗಿದೆ. ಮಗು ಅಲ್ಲೇ ಇರುತ್ತದೆ.

ಸೇಂದಿ ಎಲ್ಲರೂ ಕುಡಿಸುತ್ತಾರಲ್ಲ ಎಂದೆ.

“ಅದಕ್ಕೇರಿ,” ಎಂದಳು. “ನಾವೆಲ್ಲಾರೂ ಕುಡಿಸೀವಿ, ಯಾರ ಕೂಸಿಗೂ ಹಿಂಗ ಆಗಿಲ್ಲ. ಈಕಿ ಬ್ಯಾರೆ ಏನೋ ಹಾಕ್ಯಾಳ. ಡಾಕ್ಟರೇ ವಿಷ ಅಂದಾನಂತ, ನರ್ಸಮ್ಮನೂ ಹೌದು ಅಂದಾಳಂತ.”

ಆ ನರ್ಸಮ್ಮ ನಾನೇ ಎಂದು ಆಕೆಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಅಂದಳೋ. ನನಗೆ ನಾಚಿಕೆಯಾಯಿತು. ಆಕೆ ಹೋದ ಮೇಲೂ ಆ ನಾಚಿಕೆ ಹೋಗಲಿಲ್ಲ. ನಮ್ಮವರು ಹಾಕುವ ಲೆಕ್ಕ ಅವರ ಮಟ್ಟಿಗೆ ಸರಿಯೇ ಇದೆ. ಅದರಲ್ಲಿ ನಮ್ಮ ಎರಡು ಚಮಚ ಮಾತ್ರ ಇಲ್ಲ.

೨೫ ಆಗಸ್ಟ್, ಶನಿವಾರ

ದವಾಖಾನೆ ಮುಚ್ಚುವ ಹೊತ್ತಿಗೆ ಡಾಕ್ಟರಿಗೆ ಹೇಳಿದೆ. ಮಗುವನ್ನು ಎತ್ತಿಕೊಂಡಾಗಲೇ ವಾಸನೆ ಬಂದಿತ್ತು ಅಂತ, ಬಾಟಲಿಯ ವಾಸನೆ ಮೊದಲ ದಿನದಿಂದಲೂ ಗೊತ್ತಿತ್ತು ಅಂತ, ಪೋತ್ನಾಳದ ಹುಡುಗ ಯಾಕೆ ಮಲಗಲಿಲ್ಲ ಅಂತ. ಅವರು ಕನ್ನಡಕ ತೆಗೆದು ಒರೆಸಿದರು. ಸಿಟ್ಟು ಮಾಡುತ್ತಾರೆ ಎಂದುಕೊಂಡಿದ್ದೆ, ಮಾಡಲಿಲ್ಲ. ಎರಡನೇ ಚಮಚ ಕೊಡು ಎಂದದ್ದು ನಾನು ಎಂದರು. ಇನ್ನು ಎರಡನೇ ಚಮಚ ಬೇಡವೇ ಬೇಡ ಎಂದರು.

ನಾಳೆ ದೇವದುರ್ಗಕ್ಕೆ ಹೋಗಿ ಆ ಮನೆಯಲ್ಲಿ ಹೇಳಿ ಬರುತ್ತೇನೆ ಎಂದೆ. ಅದಕ್ಕೆ ಒಪ್ಪಲಿಲ್ಲ. ನಮ್ಮ ಔಷಧದಿಂದ ಆಯಿತು ಎಂದು ಒಂದೂರಿಗೆ ಗೊತ್ತಾದರೆ ಮೂರು ತಾಲೂಕಿಗೆ ಗೊತ್ತಾಗುತ್ತದೆ, ಯಾರೂ ಮೆಟ್ಟಿಲು ಹತ್ತುವುದಿಲ್ಲ, ಮಕ್ಕಳಿಗೆ ಮತ್ತೆ ಚಾದರವೇ ಗತಿ ಎಂದರು. ಅವರ ಮಾತಿನಲ್ಲೂ ಸುಳ್ಳಿಲ್ಲ.

“ಹೋಗೋದಾದರೆ ಸೋಮವಾರ ಇಲ್ಲಿಗೆ ಬರಬೇಡ ಶೇಖಮ್ಮ,” ಎಂದರು. ದನಿ ಏರಿಸಲಿಲ್ಲ.

ಬೀಗದ ಕೈ ಮೇಜಿನ ಮೇಲಿಟ್ಟು ಇಳಿದು ಬಂದೆ.

೨೬ ಆಗಸ್ಟ್, ಭಾನುವಾರ. ದೇವದುರ್ಗ ಬಸ್ ನಿಲ್ದಾಣ

ರಾಯಚೂರಿನ ಬಸ್ಸು ಕೆಟ್ಟಿದೆಯಂತೆ, ಇನ್ನೂ ಒಂದು ತಾಸಂತೆ. ಬರೆದುಬಿಡುತ್ತೇನೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ವಿಷ ಹಾಕಿದಾಕಿಯ ಮನೆಯಾ ಎಂದು ಕೇಳಿ ದಾರಿ ತೋರಿಸಿದರು. ಬೂದೆಪ್ಪ ಹಗ್ಗ ಹೊಸೆಯುತ್ತಿದ್ದ. ಅವನ ಅವ್ವ ಮಾರೆಮ್ಮ ಹೊಸ್ತಿಲಲ್ಲಿ ಕೂತು ಆದೆಮ್ಮನ ರಟ್ಟೆ ಹಿಡಿದುಕೊಂಡಿದ್ದಳು. ಆದೆಮ್ಮನ ಕೆನ್ನೆ ಪೂರಾ ಇಳಿದಿದೆ. ನನ್ನ ಹೆಸರು ಅದಕ್ಕೆ ನೆನಪಿತ್ತು. ತಿಮ್ಮವ್ವ ಕಟ್ಟೆಯ ಕೆಳಗೆ ಪಾತ್ರೆ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಕೈ ತೊಳೆದು, ದೇವರು ಬಂದ ಹಾಗೆ ಬಂದ್ರಿ ಎಂದಳು. ಈಕೆಯೇ ಕೂಸನ್ನು ಉಳಿಸಿದವಳು ಎಂದು ಅತ್ತೆಗೆ ಹೇಳಿದಳು. ನೀರು ತಂದುಕೊಟ್ಟಳು. ನಾನು ಚರಿಗೆ ಕೆಳಗಿಟ್ಟೆ.

ನಿಂತೇ ಹೇಳಿದೆ. ಸೇಂದಿಗೆ ಹಾಕುವ ಪುಡಿಯೂ ನಮ್ಮ ದವಾಖಾನೆಯ ಔಷಧವೂ ಒಂದೇ ಎಂದೆ. ತಿಮ್ಮವ್ವ ಬೇರೆ ಏನೂ ಹಾಕಿರಲಿಲ್ಲ, ನೀವೆಲ್ಲ ಕುಡಿಸುವುದನ್ನೇ ಕುಡಿಸಿದ್ದಳು. ಅದರ ಮೇಲೆ ನಾವು ಅದೇ ಪುಡಿಯನ್ನು ಎರಡು ಸಲ ಕುಡಿಸಿದೆವು, ಅದಕ್ಕೇ ಹಾಗಾಯಿತು. ಡಾಕ್ಟರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕೂಸಿನ ಬಾಯಿಯ ವಾಸನೆ ನನಗೆ ಮೊದಲೇ ಬಂದಿತ್ತು.

ಮಾರೆಮ್ಮ ಮೊದಲು ನಂಬಲಿಲ್ಲ. ಕೂಲಿಯವರ ಸೇಂದಿಯೂ ಡಾಕ್ಟರ ಔಷಧವೂ ಒಂದಾಗುವುದು ಹೇಗೆ ಎಂದಳು. ನಿನಗೆ ವಾಸನೆ ಹೇಗೆ ತಿಳಿಯಿತು ಎಂದಳು. ನಾನು ಹಿರೇಕೊಟ್ನೆಕಲ್ಲಿನ ಯಂಕಮ್ಮನ ಮಗಳು, ಸೇಂದಿ ಕುಡಿದೇ ಬೆಳೆದವಳು ಎಂದೆ. ಬೂದೆಪ್ಪ ಹಗ್ಗ ಬಿಟ್ಟು ಎದ್ದು ನಿಂತ. ಎದುರು ಮನೆಯಿಂದ ದುರುಗಮ್ಮ ಬಂದಳು, ಆಕೆಯ ಹಿಂದೆ ಇನ್ನೂ ನಾಲ್ಕೈದು ಜನ. ಎಲ್ಲರಿಗೂ ಕೇಳುವ ಹಾಗೆ ಮತ್ತೊಮ್ಮೆ ಹೇಳಿದೆ.

ತಿಮ್ಮವ್ವ ಇಷ್ಟು ಹೊತ್ತೂ ನನ್ನ ಮುಖವನ್ನೇ ನೋಡುತ್ತಿದ್ದಳು.

“ಮೊದಲ ಗೊತ್ತಿತ್ತು ನಿನಗ?” ಎಂದಳು.

ಹೌದು ಎಂದೆ.

“ಎರಡನೇ ಸಲ ಕುಡಿಸುಮುಂದನೂ?”

ಹೌದು ಎಂದೆ.

“ನಾ ಗೊತ್ತಿಲ್ದ ಕುಡಿಸಿದೆ,” ಎಂದಳು. “ನೀ ಗೊತ್ತಿದ್ದು ಕುಡಿಸಿದಿ.”

ಮಾರೆಮ್ಮ ಆದೆಮ್ಮನ ರಟ್ಟೆ ಬಿಟ್ಟಳು. ಆದೆಮ್ಮ ಮೊದಲು ಅಜ್ಜಿಯ ಮುಖ ನೋಡಿತು, ನಿಜವಾಗಿ ಬಿಟ್ಟಿದ್ದಾಳೆಯೇ ಎಂದು. ಆಮೇಲೆ ಕಟ್ಟೆಯಿಂದ ಇಳಿದು ಅವ್ವನ ಹತ್ತಿರ ಹೋಯಿತು. ತಿಮ್ಮವ್ವ ಅದನ್ನು ಸೊಂಟಕ್ಕೆ ಏರಿಸಿಕೊಂಡು, ನನ್ನ ಕಡೆ ನೋಡದೆ, ನನ್ನ ಪಕ್ಕದಿಂದಲೇ ಹಾದು ಮನೆಯ ಒಳಗೆ ಹೋದಳು.